377: ಶಿಕ್ಷೆಗಿಂತ ಹೆದರಿಕೆಯಾಗಿ ಬಾಳಿದ ಕಾನೂನು

ಭಾರತೀಯ ದಂಡ ಸಂಹಿತೆಯ 377ನೇ ಕಲಂ 1862ರ ಜನವರಿ 1ರಂದು ಜಾರಿಗೆ ಬಂತು. ಪ್ರಕೃತಿಯ ಕ್ರಮಕ್ಕೆ ವಿರುದ್ಧವಾಗಿ ಗಂಡು, ಹೆಣ್ಣು ಅಥವಾ ಪ್ರಾಣಿಯೊಡನೆ ಸ್ವಇಚ್ಛೆಯಿಂದ ದೇಹಸಂಪರ್ಕ ನಡೆಸಿದವರಿಗೆ ಜೀವಾವಧಿ ಇಲ್ಲವೇ ಹತ್ತು ವರ್ಷದವರೆಗಿನ ಸೆರೆವಾಸ, ಜೊತೆಗೆ ದಂಡ ಎಂದು ಅದು ಸಾರುತ್ತಿತ್ತು. ವಯಸ್ಕರಿಬ್ಬರು ಪರಸ್ಪರ ಒಪ್ಪಿ ನಡೆಸಿದ್ದಕ್ಕೂ, ಒಬ್ಬರು ಇನ್ನೊಬ್ಬರ ಮೇಲೆ ಬಲಾತ್ಕಾರ ನಡೆಸಿದ್ದಕ್ಕೂ ಅದರ ಕಣ್ಣಿಗೆ ವ್ಯತ್ಯಾಸವಿರಲಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ವಯಸ್ಕರ ಸಮ್ಮತಿಯ ಸಂಬಂಧವನ್ನು ಈ ಕಲಂನಿಂದ ಹೊರಗಿಟ್ಟಿತು. ನಡುವಿನ 156 ವರ್ಷಗಳಲ್ಲಿ ಈ ಕಲಂ ಅಡಿ ಶಿಕ್ಷೆಯಾಗಿ ಕಾನೂನು ವರದಿಗಳಲ್ಲಿ ಸೇರಿದ ಪ್ರಕರಣಗಳು ಕೆಲವು ನೂರನ್ನೂ ದಾಟುವುದಿಲ್ಲ. ಅದರ ನಿಜವಾದ ಬಲ ಇದ್ದದ್ದು ನ್ಯಾಯಾಲಯದ ಹೊರಗೆ: ಪೊಲೀಸ್ ಠಾಣೆಯಲ್ಲಿ, ಪಾರ್ಕಿನಲ್ಲಿ, ಬಸ್ ನಿಲ್ದಾಣದಲ್ಲಿ, ಮನೆಯೊಳಗಿನ ಬೆದರಿಕೆಯಲ್ಲಿ. ಭಾರತದ ಲೈಂಗಿಕ ಅಲ್ಪಸಂಖ್ಯಾತರ ಹಕ್ಕಿನ ಚರಿತ್ರೆ ಬಹುಮಟ್ಟಿಗೆ ಈ ಹೆದರಿಕೆಯ ವಿರುದ್ಧ ನಡೆದ ಹೋರಾಟದ ಚರಿತ್ರೆ.

ಇಂಗ್ಲೆಂಡಿನಿಂದ ಬಂದ ಕಲಂ

377ರ ಬೇರು ಇರುವುದು ಇಂಗ್ಲೆಂಡಿನ ಎಂಟನೇ ಹೆನ್ರಿಯ ಕಾಲದ 1533ರ ಕಾಯ್ದೆಯಲ್ಲಿ. ಅದುವರೆಗೆ ಚರ್ಚಿನ ನ್ಯಾಯಾಲಯಗಳು ವಿಚಾರಿಸುತ್ತಿದ್ದ ಪಾಪವನ್ನು ಆ ಕಾಯ್ದೆ ರಾಜ್ಯದ ಅಪರಾಧವನ್ನಾಗಿ ಮಾಡಿ ಮರಣದಂಡನೆ ವಿಧಿಸಿತು. ಮೂರು ಶತಮಾನಗಳ ನಂತರ ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ ನೇತೃತ್ವದ ಕಾನೂನು ಆಯೋಗ ಭಾರತಕ್ಕೆ ದಂಡ ಸಂಹಿತೆಯ ಕರಡು ಬರೆಯಲು ಕುಳಿತಾಗ ಅದೇ ನೈತಿಕತೆ ಕಡಲು ದಾಟಿ ಬಂತು. 1837ರ ಕರಡಿನಲ್ಲಿ ಈ ಬಗೆಯ ಅಪರಾಧಗಳ ಬಗ್ಗೆ ಆದಷ್ಟು ಕಡಿಮೆ ಮಾತಾಡುವುದೇ ಲೇಸು ಎಂಬ ಧೋರಣೆ ಸ್ಪಷ್ಟವಾಗಿದೆ. ಸಾರ್ವಜನಿಕ ಚರ್ಚೆ ನಡೆದರೆ ಜನರ ನಡತೆಗೆ ಆಗುವ ಹಾನಿಯೇ ಹೆಚ್ಚು ಎಂದು ಆಯೋಗ ಭಾವಿಸಿತ್ತು. 1857ರ ದಂಗೆಯ ನಂತರ ಆಡಳಿತ ಕಂಪನಿಯ ಕೈಯಿಂದ ರಾಣಿಯ ಕೈಗೆ ಹೋಯಿತು. 1860ರಲ್ಲಿ ಸಂಹಿತೆ ಅಂಗೀಕಾರವಾಯಿತು. ಯಾರ ಬದುಕಿಗೆ ಇದು ಅನ್ವಯಿಸುತ್ತದೋ ಅವರನ್ನು ಯಾರೂ ಕೇಳಲಿಲ್ಲ.

ಭಾರತದ ಸಂಹಿತೆ ಬ್ರಿಟಿಷ್ ಸಾಮ್ರಾಜ್ಯದ ಇತರ ಭಾಗಗಳಿಗೆ ಮಾದರಿಯಾಯಿತು. ಬರ್ಮಾ, ಸಿಂಗಪುರ, ಮಲಯ ಮುಂತಾದ ಕಡೆಗಳಿಗೆ 377 ಸಂಖ್ಯೆ ಸಹಿತ ಹೋಯಿತು. ಪಾಕಿಸ್ತಾನ ಮತ್ತು ಬಾಂಗ್ಲಾದೇಶಗಳ ದಂಡ ಸಂಹಿತೆಯಲ್ಲಿ ಅದೇ ಸಂಖ್ಯೆಯ ಅದೇ ಕಲಂ ಇಂದಿಗೂ ಇದೆ. ಈ ಕಾನೂನನ್ನು ರಫ್ತು ಮಾಡಿದ ಇಂಗ್ಲೆಂಡ್ ಮಾತ್ರ ಮೊದಲು ಕೈತೊಳೆದುಕೊಂಡಿತು. 1895ರಲ್ಲಿ ಸಾಹಿತಿ ಆಸ್ಕರ್ ವೈಲ್ಡ್‌ಗೆ ಎರಡು ವರ್ಷ ಕಠಿಣ ಸಜೆ ಕೊಟ್ಟ ದೇಶದಲ್ಲಿ 1957ರಲ್ಲಿ ವುಲ್ಫೆಂಡೆನ್ ಸಮಿತಿ ಖಾಸಗಿ ಸಮ್ಮತಿಯ ಸಂಬಂಧ ಕಾನೂನಿನ ವಿಷಯವಲ್ಲ ಎಂದು ವರದಿ ಕೊಟ್ಟಿತು. 1967ರಲ್ಲಿ ಸಂಸತ್ತು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 21 ತುಂಬಿದ ಪುರುಷರ ಮಟ್ಟಿಗೆ ಅದನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಸ್ವತಂತ್ರ ಭಾರತದಲ್ಲಿ ವಸಾಹತುಶಾಹಿ ಕಲಂ ಇನ್ನೂ ಐದು ದಶಕ ಉಳಿಯಿತು. ವಿಚಿತ್ರವೆಂದರೆ, ಅದನ್ನು ಉಳಿಸಬೇಕೆಂದವರು ಮುಂದಿಟ್ಟ ಮುಖ್ಯ ವಾದ ಸಲಿಂಗಪ್ರೇಮ ಪಶ್ಚಿಮದಿಂದ ಬಂದದ್ದು ಎನ್ನುವುದಾಗಿತ್ತು.

ಪರಂಪರೆ ಕೊಟ್ಟ ಸ್ಥಾನ, ಕೊಡದ ಸಮಾನತೆ

ಈ ವಾದ ಪರಂಪರೆಯ ಎದುರು ನಿಲ್ಲುವುದಿಲ್ಲ. ವಾತ್ಸ್ಯಾಯನನ ಕಾಮಸೂತ್ರ 'ತೃತೀಯಾ ಪ್ರಕೃತಿ'ಯವರ ಬಗ್ಗೆ ಒಂದು ಅಧ್ಯಾಯವನ್ನೇ ಮೀಸಲಿಡುತ್ತದೆ. ಮಹಾಭಾರತದ ಶಿಖಂಡಿ ಮತ್ತು ಬೃಹನ್ನಳೆಯನ್ನು ಕನ್ನಡಿಗರು ಕುಮಾರವ್ಯಾಸನಲ್ಲಿ, ಯಕ್ಷಗಾನ ಬಯಲಾಟಗಳಲ್ಲಿ ತಲೆಮಾರುಗಳಿಂದ ಕಂಡಿದ್ದಾರೆ. ಹೆಣ್ಣು ಗಂಡೆಂಬ ಗುರುತು ದೇಹಕ್ಕೇ ಹೊರತು ಒಳಗಿರುವ ಆತ್ಮಕ್ಕಲ್ಲ ಎಂಬ ಮಾತನ್ನು ಜೇಡರ ದಾಸಿಮಯ್ಯನ ವಚನ ಆಡಿದೆ. ಬೆಂಗಳೂರಿನ ಧರ್ಮರಾಯಸ್ವಾಮಿ ದೇವಸ್ಥಾನದ ಕರಗ ಹೊರುವ ತಿಗಳ ಸಮುದಾಯದ ಅರ್ಚಕ ಸೀರೆ, ಬಳೆ, ಮಲ್ಲಿಗೆಯೊಂದಿಗೆ ಸ್ತ್ರೀವೇಷದಲ್ಲಿ ದ್ರೌಪದಿಯ ಶಕ್ತಿಯಾಗಿ ಹೊರಡುತ್ತಾನೆ.

ಉತ್ತರ ಕರ್ನಾಟಕದ ಜೋಗಪ್ಪಂದಿರದು ಇನ್ನೂ ಜೀವಂತ ಪರಂಪರೆ. ಸವದತ್ತಿಯ ಯಲ್ಲಮ್ಮ, ಹುಲಿಗಿಯ ಹುಲಿಗೆಮ್ಮನ ಭಕ್ತರಾದ ಇವರು ಗಂಡಾಗಿ ಹುಟ್ಟಿ, ದೇವಿ ತಮ್ಮನ್ನು ಹಿಡಿದಿದ್ದಾಳೆ ಎಂದು ನಂಬಿ, ಮುತ್ತು ಕಟ್ಟಿಸಿಕೊಂಡು ಸೀರೆ ಉಡುತ್ತಾರೆ. ಕೊಡ ಹೊತ್ತು, ಚೌಡಿಕೆ ನುಡಿಸಿ, ಜೋಗ ಬೇಡಿ ಬದುಕುತ್ತಾರೆ. ಮದುವೆ, ನಾಮಕರಣ, ಬಿತ್ತನೆಯಂಥ ಸಂದರ್ಭದಲ್ಲಿ ಅವರ ಹರಕೆ ಶುಭವೆಂದು ಹಳ್ಳಿಗರು ನಂಬುತ್ತಾರೆ. ಹಿಜ್ರಾ ಸಮುದಾಯದಲ್ಲಿ ಗುರು-ಚೇಲಾ ಸಂಬಂಧ ಮತ್ತು ಹಮಾಮ್ ಎಂಬ ಮನೆ ವ್ಯವಸ್ಥೆ ಹೇಗೆ ಕುಟುಂಬದ ಜಾಗ ತುಂಬುತ್ತದೋ, ಹಾಗೆ ಜೋಗಪ್ಪಂದಿರಿಗೆ ದೇವಿಯ ಗುಡಿ ಮತ್ತು ಹಿರಿಯ ಜೋಗತಿಯರ ಆಸರೆ.

ಆದರೂ ಪರಂಪರೆಯನ್ನು ಬಣ್ಣ ಬಳಿದು ನೋಡಬೇಕಾಗಿಲ್ಲ. ಅದೇ ಧರ್ಮಶಾಸ್ತ್ರಗಳು ಪುರುಷರ ನಡುವಿನ ಸಂಬಂಧಕ್ಕೆ ಪ್ರಾಯಶ್ಚಿತ್ತ ವಿಧಿಸುತ್ತವೆ, ನಪುಂಸಕನಿಗೆ ಆಸ್ತಿಯ ಪಾಲು ನಿರಾಕರಿಸುತ್ತವೆ. ಕೈಮುಗಿದ ಊರೇ ಜೋಗಪ್ಪನಿಗೆ ಬಾಡಿಗೆ ಮನೆ ಕೊಡಲು ಹಿಂಜರಿಯುತ್ತದೆ. ಹಳೆಯ ಸಮಾಜ ಇಂಥವರಿಗೆ ಒಂದು ಮೂಲೆಯಲ್ಲಿ ಜಾಗ ಕೊಟ್ಟಿತ್ತು, ಹಕ್ಕು ಕೊಟ್ಟಿರಲಿಲ್ಲ. ಬ್ರಿಟಿಷ್ ಕಾನೂನು ಬಂದ ಮೇಲೆ ಆ ಮೂಲೆಯೂ ಅಪಾಯಕ್ಕೆ ಸಿಕ್ಕಿತು.

ದಾಖಲೆ ಪುಸ್ತಕದಲ್ಲಿ ಹೆಸರು

1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹಲವು ಅಲೆಮಾರಿ ಸಮುದಾಯಗಳನ್ನು ಹುಟ್ಟು ಅಪರಾಧಿಗಳೆಂದು ಘೋಷಿಸಿದ್ದು ಬಹಳ ಜನರಿಗೆ ಗೊತ್ತು. ಅದರ ಎರಡನೇ ಭಾಗ ಹಿಜ್ರಾಗಳಿಗೆ ಸಂಬಂಧಿಸಿದ್ದು ಎಂಬುದು ಅಷ್ಟು ಪರಿಚಿತವಲ್ಲ. ಮಕ್ಕಳನ್ನು ಅಪಹರಿಸಿ ಬೀಜ ಒಡೆಯುತ್ತಾರೆ ಇಲ್ಲವೇ 377ರ ಅಪರಾಧ ಮಾಡುತ್ತಾರೆ ಎಂಬ ಅನುಮಾನವಿರುವ 'ನಪುಂಸಕ'ರ ಹೆಸರು, ವಿಳಾಸ ಮತ್ತು ಆಸ್ತಿಯ ಪಟ್ಟಿಯನ್ನು ಸರ್ಕಾರ ಇಡಬೇಕಿತ್ತು. ಹೀಗೆ ದಾಖಲಾದವರು ಬೀದಿಯಲ್ಲಿ ಹೆಣ್ಣಿನ ಉಡುಪು, ಒಡವೆ ತೊಟ್ಟು ಕಾಣಿಸಿಕೊಂಡರೆ, ಸಾರ್ವಜನಿಕವಾಗಿ ಹಾಡಿ ಕುಣಿದರೆ ವಾರಂಟ್ ಇಲ್ಲದೆ ಬಂಧಿಸಬಹುದಿತ್ತು. ಎರಡು ವರ್ಷದವರೆಗೆ ಜೈಲು. ಅವರು ಉಯಿಲು ಬರೆಯುವಂತಿರಲಿಲ್ಲ, ದಾನ ಕೊಡುವಂತಿರಲಿಲ್ಲ, ದತ್ತು ತೆಗೆದುಕೊಳ್ಳುವಂತಿರಲಿಲ್ಲ, ಮಕ್ಕಳ ಪೋಷಕರಾಗುವಂತಿರಲಿಲ್ಲ. ಗುರುವಿನಿಂದ ಚೇಲಾಗೆ ಬರುವ ಆಸ್ತಿ, ಹಾಡು ಕುಣಿತದಿಂದ ಬರುವ ಸಂಪಾದನೆ ಎರಡೂ ಒಂದೇ ಏಟಿಗೆ ಕಡಿದುಹೋಗುವಂತೆ ಈ ನಿಯಮಗಳನ್ನು ರೂಪಿಸಲಾಗಿತ್ತು. ಮುಖ್ಯವಾಗಿ ಇಂದಿನ ಉತ್ತರ ಪ್ರದೇಶದ ಭಾಗದಲ್ಲಿ ಇವು ಜಾರಿಯಾದವು.

ಇದೇ ಮಾದರಿಯ ಕಾಯ್ದೆಯನ್ನು ಹೈದರಾಬಾದ್ ನಿಜಾಮರ ಸರ್ಕಾರ 1919ರಲ್ಲಿ ತಂದಿತು. ಬೀದರ್, ಕಲಬುರಗಿ, ರಾಯಚೂರು ಅಂದು ಆ ರಾಜ್ಯದ ಭಾಗ. ತೆಲಂಗಾಣದಲ್ಲಿ ಉಳಿದುಕೊಂಡಿದ್ದ ಈ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ ಅಸಾಂವಿಧಾನಿಕ ಎಂದು ರದ್ದುಮಾಡಿದ್ದು 2023ರ ಜುಲೈನಲ್ಲಿ. ಇನ್ನೂ ಸೋಜಿಗದ ಸಂಗತಿ ಕರ್ನಾಟಕದ್ದು. ಅಪರಾಧಿ ಬುಡಕಟ್ಟುಗಳ ಕಾಯ್ದೆ ಸ್ವಾತಂತ್ರ್ಯದ ಬೆನ್ನಲ್ಲೇ ರದ್ದಾಗಿ ಆರು ದಶಕ ಕಳೆದ ಮೇಲೆ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಹೊಸ ಕಲಂ ಸೇರಿತು. ಹುಡುಗರನ್ನು ಅಪಹರಿಸುವ, ಅಸ್ವಾಭಾವಿಕ ಅಪರಾಧ ಎಸಗುವ ಅನುಮಾನವಿರುವ 'ನಪುಂಸಕ'ರ ಹೆಸರು ಮತ್ತು ವಾಸಸ್ಥಳದ ದಾಖಲೆ ಇಡುವ ಅಧಿಕಾರವನ್ನು ಅದು ಪೊಲೀಸ್ ಆಯುಕ್ತರಿಗೆ ಕೊಟ್ಟಿತು. ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟಿನ ಮೆಟ್ಟಿಲೇರಿದ ನಂತರ ಸರ್ಕಾರ ಕಲಂನಿಂದ ಆ ಶಬ್ದವನ್ನು ತೆಗೆಯಿತು. ಕಾನೂನು ಪುಸ್ತಕದಿಂದ ಹೋದದ್ದು ಅಧಿಕಾರಿಗಳ ಮನಸ್ಸಿನಿಂದ ಹೋಗಿರುವುದಿಲ್ಲ ಎಂಬುದಕ್ಕೆ 36ಎ ಸಾಕ್ಷಿ.

ಠಾಣೆಯ ಕಾನೂನು

ನ್ಯಾಯಾಲಯದಲ್ಲಿ 377ನ್ನು ಸಾಬೀತುಪಡಿಸುವುದು ಕಷ್ಟವೆಂದು ಮೊದಲಿನಿಂದಲೂ ಗೊತ್ತಿತ್ತು. 1884ರಲ್ಲಿ ಅಲಹಾಬಾದ್ ಹೈಕೋರ್ಟಿನ ಮುಂದೆ ಬಂದ ಖೈರಾತಿ ಎಂಬ ವ್ಯಕ್ತಿಯ ಪ್ರಕರಣ ಇದಕ್ಕೆ ನಿದರ್ಶನ. ಹೆಣ್ಣಿನ ಉಡುಪಿನಲ್ಲಿ ಹಾಡುತ್ತಿದ್ದಾಗ ಬಂಧನ, ವೈದ್ಯಕೀಯ ತಪಾಸಣೆ, ಅದರ ಆಧಾರದ ಮೇಲೆ ಕೆಳ ನ್ಯಾಯಾಲಯದಲ್ಲಿ ಶಿಕ್ಷೆ. ಯಾವಾಗ, ಎಲ್ಲಿ, ಯಾರೊಡನೆ ಅಪರಾಧ ನಡೆಯಿತು ಎಂಬುದನ್ನೇ ಹೇಳದ ಆರೋಪ ನಿಲ್ಲುವುದಿಲ್ಲ ಎಂದು ಹೈಕೋರ್ಟ್ ಬಿಡುಗಡೆ ಮಾಡಿತು. ಹಾಗಿದ್ದರೂ ಇಂಥ ನಡವಳಿಕೆಯನ್ನು ಹತ್ತಿಕ್ಕುವ ಅಧಿಕಾರಿಗಳ ಉತ್ಸಾಹವನ್ನು ಮೆಚ್ಚಿಕೊಳ್ಳಲು ಮರೆಯಲಿಲ್ಲ. ಮುಂದೆ, ಸಂತಾನಕ್ಕೆ ಕಾರಣವಾಗದ ಸಂಪರ್ಕವೆಲ್ಲ ಪ್ರಕೃತಿಗೆ ವಿರುದ್ಧ ಎಂಬ ವ್ಯಾಖ್ಯಾನ ಬಂದು, ಕಲಂನ ವ್ಯಾಪ್ತಿ ಹಿಗ್ಗಿತು. ಅಕ್ಷರಶಃ ಅನ್ವಯಿಸಿದರೆ ಮದುವೆಯಾದ ಗಂಡಹೆಂಡಿರೂ ಅದರ ಬಲೆಗೆ ಬೀಳುತ್ತಿದ್ದರು. ಯಾರನ್ನು ಹಿಡಿಯಬೇಕು, ಯಾರನ್ನು ಬಿಡಬೇಕು ಎಂಬುದು ಪೊಲೀಸರ ವಿವೇಚನೆಗೆ ಉಳಿಯಿತು.

ಕಲಂ ಜಾಮೀನುರಹಿತವಾಗಿತ್ತು, ವಾರಂಟ್ ಬೇಕಿರಲಿಲ್ಲ. ಇಷ್ಟು ಸಾಕಿತ್ತು. ಕೇಸು ಹಾಕುತ್ತೇನೆ, ಮನೆಗೆ ತಿಳಿಸುತ್ತೇನೆ ಎಂಬ ಒಂದು ಮಾತಿಗೆ ಗಡಿಯಾರ, ಪರ್ಸು, ಸಂಬಳ ಕೈಬದಲಾಗುತ್ತಿದ್ದವು. ಸುಲಿಗೆ ಮಾಡುವ ಪುಂಡರ ಮೇಲೆ ದೂರು ಕೊಡಲು ಹೋದವನೇ ಅಪರಾಧಿಯಾಗುವ ಸ್ಥಿತಿ. ಹೆಣ್ಣುಮಕ್ಕಳ ನಡುವಿನ ಸಂಬಂಧಕ್ಕೆ ಈ ಕಲಂ ಅನ್ವಯಿಸುವುದೇ ಅನುಮಾನವಿದ್ದರೂ, ಮನೆಬಿಟ್ಟು ಹೋದ ಇಬ್ಬರು ಯುವತಿಯರನ್ನು ಬೇರ್ಪಡಿಸಲು ಕುಟುಂಬಗಳು ಇದನ್ನು ಮತ್ತು ಅಪಹರಣದ ಕಲಂಗಳನ್ನು ಬೆದರಿಕೆಯಾಗಿ ಬಳಸುತ್ತಿದ್ದವು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಬಗ್ಗೆ, 2003ರಲ್ಲಿ ಬೆಂಗಳೂರಿನ ಕೋತಿ (ಹೆಣ್ಣಿನ ನಡೆನುಡಿಯ ಸಲಿಂಗಿ ಪುರುಷರು ತಮ್ಮನ್ನು ಕರೆದುಕೊಳ್ಳುವ ಹೆಸರು) ಮತ್ತು ಹಿಜ್ರಾ ಲೈಂಗಿಕ ಕಾರ್ಯಕರ್ತರ ಬಗ್ಗೆ ಹೊರತಂದ ಎರಡು ವರದಿಗಳು ಈ ಹಿಂಸೆಯನ್ನು ದಾಖಲೆಗೆ ತಂದವು. ಅಕ್ರಮ ಬಂಧನ, ಸುಲಿಗೆ, ಠಾಣೆಯೊಳಗಿನ ಲೈಂಗಿಕ ದೌರ್ಜನ್ಯ, ಮನೆಯವರ ಹೊಡೆತ, 'ಸರಿಪಡಿಸುತ್ತೇವೆ' ಎಂಬ ವೈದ್ಯರ ಚಿಕಿತ್ಸೆ ಇವುಗಳ ವಿವರ ಅಲ್ಲಿವೆ. ಮುಂದಿನ ನ್ಯಾಯಾಲಯದ ವಾದಗಳಲ್ಲಿ ಇಂಥ ವರದಿಗಳೇ ಪುರಾವೆಯಾದವು.

ಮಾತು ಹೊರಬಂದ ಬಗೆ

ಸ್ವತಂತ್ರ ಭಾರತದಲ್ಲಿ ಈ ವಿಷಯವನ್ನು ಸಹಾನುಭೂತಿಯಿಂದ ಚರ್ಚಿಸಿದ ಮೊದಲ ಪುಸ್ತಕಗಳಲ್ಲೊಂದನ್ನು ಬರೆದವರು ಬೆಂಗಳೂರಿನಲ್ಲಿ ಹುಟ್ಟಿದ ಗಣಿತ ಪ್ರವೀಣೆ ಶಕುಂತಲಾ ದೇವಿ. 1977ರಲ್ಲಿ ಪ್ರಕಟವಾದ 'ದಿ ವರ್ಲ್ಡ್ ಆಫ್ ಹೋಮೋಸೆಕ್ಷುವಲ್ಸ್' ಸಂದರ್ಶನಗಳನ್ನು ಒಳಗೊಂಡಿತ್ತು ಮತ್ತು ಸಹನೆಯಷ್ಟೇ ಸಾಲದು, ಪೂರ್ಣ ಸ್ವೀಕಾರ ಬೇಕು ಎಂದು ವಾದಿಸಿತ್ತು. ಅಂದು ಪುಸ್ತಕ ಹೆಚ್ಚು ಸದ್ದು ಮಾಡಲಿಲ್ಲ.

1990ರ ದಶಕದಲ್ಲಿ ಸದ್ದು ಶುರುವಾಯಿತು. 1990ರಲ್ಲಿ ಅಶೋಕ್ ರಾವ್ ಕವಿ 'ಬಾಂಬೆ ದೋಸ್ತ್' ಪತ್ರಿಕೆ ಆರಂಭಿಸಿದರು. ದೆಹಲಿಯ ಏಡ್ಸ್ ಭೇದಭಾವ್ ವಿರೋಧಿ ಆಂದೋಲನ್ ಎಂಬ ಸಣ್ಣ ಗುಂಪು 1991ರಲ್ಲಿ 'ಲೆಸ್ ದ್ಯಾನ್ ಗೇ' ಎಂಬ ನಾಗರಿಕ ವರದಿ ಹೊರತಂದು 377ರ ರದ್ದತಿ ಕೇಳಿತು. ತಿಹಾರ್ ಜೈಲಿನಲ್ಲಿ ಕಾಂಡೋಮ್ ವಿತರಿಸಲು ಅಧಿಕಾರಿಗಳು ಒಪ್ಪದಿದ್ದಾಗ 1994ರಲ್ಲಿ ಇದೇ ಗುಂಪು ದೆಹಲಿ ಹೈಕೋರ್ಟಿನಲ್ಲಿ ಕಲಂ ಅನ್ನು ಪ್ರಶ್ನಿಸಿತು. ಎಚ್‌ಐವಿ ಈ ಚರ್ಚೆಗೆ ಬಾಗಿಲು ತೆರೆದದ್ದು ಹೀಗೆ: ಕಾನೂನಿಗೆ ಹೆದರಿ ಅಡಗಿದವರನ್ನು ಆರೋಗ್ಯ ಕಾರ್ಯಕರ್ತರು ತಲುಪಲಾಗುತ್ತಿರಲಿಲ್ಲ. ತಲುಪಲು ಹೋದವರಿಗೂ ಕಷ್ಟ ತಪ್ಪಲಿಲ್ಲ. 2001ರ ಜುಲೈನಲ್ಲಿ ಲಖನೌದಲ್ಲಿ ಎಚ್‌ಐವಿ ಜಾಗೃತಿಯ ಕಾರ್ಯಕರ್ತರನ್ನು 377ರ ಹೆಸರಿನಲ್ಲಿ ಬಂಧಿಸಿ ಒಂದೂವರೆ ತಿಂಗಳು ಜೈಲಿನಲ್ಲಿಡಲಾಯಿತು.

1998ರಲ್ಲಿ ದೀಪಾ ಮೆಹ್ತಾ ಅವರ 'ಫೈರ್' ಚಿತ್ರ ತೋರಿಸುತ್ತಿದ್ದ ಚಿತ್ರಮಂದಿರಗಳ ಮೇಲೆ ಮುಂಬೈ, ದೆಹಲಿಗಳಲ್ಲಿ ದಾಳಿಯಾಯಿತು. ಪ್ರತಿಭಟನೆಗೆ ಬಂದ ಮಹಿಳೆಯರು ಭಾರತೀಯ ಮತ್ತು ಲೆಸ್ಬಿಯನ್ ಎರಡೂ ಆಗಿರುವುದನ್ನು ಫಲಕ ಹಿಡಿದು ಸಾರಿದರು. ಮರುವರ್ಷದ ಜುಲೈ 2ರಂದು ಕೋಲ್ಕತ್ತದಲ್ಲಿ ಬೆರಳೆಣಿಕೆಯ ಜನ ನಡೆಸಿದ ಸ್ನೇಹ ನಡಿಗೆ ದೇಶದ ಮೊದಲ ಪ್ರೈಡ್ ಮೆರವಣಿಗೆ ಎನಿಸಿತು. ಬೆಂಗಳೂರಿನಲ್ಲಿ 1994ರಿಂದ 'ಗುಡ್ ಆ್ಯಸ್ ಯು' ಎಂಬ ಆಪ್ತ ಬೆಂಬಲ ಗುಂಪು ವಾರದ ಭೇಟಿ ನಡೆಸುತ್ತಿತ್ತು. 1999ರಲ್ಲಿ ಹುಟ್ಟಿದ 'ಸಂಗಮ' ಇಂಗ್ಲಿಷ್ ಬಲ್ಲ ಮಧ್ಯಮ ವರ್ಗದಾಚೆ ಹೋಗಿ, ಬೀದಿಯಲ್ಲಿ ಬದುಕುವ ಹಿಜ್ರಾ, ಕೋತಿ, ಜೋಗಪ್ಪಂದಿರನ್ನು ಸಂಘಟಿಸಿತು. ದಲಿತ, ಮಹಿಳಾ, ಕಾರ್ಮಿಕ ಚಳವಳಿಗಳ ಜೊತೆ ನಂಟು ಬೆಳೆಸಿತು. 2008ರ ಜೂನ್ 29ರಂದು ದೆಹಲಿ, ಕೋಲ್ಕತ್ತಗಳೊಂದಿಗೆ ಬೆಂಗಳೂರಿನಲ್ಲೂ ಆ ನಗರದ ಮೊದಲ ಪ್ರೈಡ್ ಮೆರವಣಿಗೆ ನಡೆಯಿತು. ತಮಟೆಯ ಸದ್ದಿನ ನಡುವೆ ಮುಖವಾಡ ತೊಟ್ಟು ನಡೆದವರೂ ಅಂದು ಇದ್ದರು. ಮುಖ ಕಂಡರೆ ಕೆಲಸ ಹೋಗುವ, ಮನೆ ಬಿಡಬೇಕಾಗುವ ಭಯ ಇನ್ನೂ ಹೋಗಿರಲಿಲ್ಲ.

ಹದಿನೇಳು ವರ್ಷದ ವ್ಯಾಜ್ಯ

2001ರಲ್ಲಿ, ಎಚ್‌ಐವಿ ಕ್ಷೇತ್ರದಲ್ಲಿ ದುಡಿಯುವ ಅಂಜಲಿ ಗೋಪಾಲನ್ ಅವರ ನಾಜ್ ಫೌಂಡೇಷನ್ ದೆಹಲಿ ಹೈಕೋರ್ಟಿಗೆ ಅರ್ಜಿ ಹಾಕಿತು. ಸಂಸ್ಥೆಗೆ ನೇರ ತೊಂದರೆ ಆಗಿಲ್ಲವೆಂದು 2004ರಲ್ಲಿ ಅರ್ಜಿ ವಜಾ ಆಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ವಿಚಾರಣೆಗೆ ವಾಪಸು ಕಳಿಸಿತು. ಕೇಂದ್ರ ಸರ್ಕಾರ ಒಂದೇ ಮೊಕದ್ದಮೆಯಲ್ಲಿ ಎರಡು ನಾಲಗೆಯಿಂದ ಮಾತಾಡಿತು: ಸಾರ್ವಜನಿಕ ನೈತಿಕತೆಗಾಗಿ ಕಲಂ ಬೇಕೆಂದು ಗೃಹ ಸಚಿವಾಲಯ, ಎಚ್‌ಐವಿ ತಡೆಗೆ ಅದು ಅಡ್ಡಿಯೆಂದು ಆರೋಗ್ಯ ಇಲಾಖೆ. 2009ರ ಜುಲೈ 2ರಂದು ನ್ಯಾಯಮೂರ್ತಿಗಳಾದ ಎ.ಪಿ. ಷಾ ಮತ್ತು ಎಸ್. ಮುರಳೀಧರ್, ವಯಸ್ಕರ ಖಾಸಗಿ ಸಮ್ಮತಿಯ ಸಂಬಂಧವನ್ನು ಅಪರಾಧವೆನ್ನುವುದು ಸಂವಿಧಾನದ 14, 15 ಮತ್ತು 21ನೇ ವಿಧಿಗಳಿಗೆ ವಿರುದ್ಧವೆಂದು ತೀರ್ಪಿತ್ತರು. ಬಹುಜನರ ನೈತಿಕತೆಗಿಂತ ಅಂಬೇಡ್ಕರ್ ಹೇಳಿದ ಸಾಂವಿಧಾನಿಕ ನೈತಿಕತೆ ದೊಡ್ಡದು ಎಂಬ ತರ್ಕ ಆ ತೀರ್ಪಿನ ತಿರುಳು.

ಸರ್ಕಾರ ಮೇಲ್ಮನವಿ ಸಲ್ಲಿಸಲಿಲ್ಲ. ಸಲ್ಲಿಸಿದವರು ಜ್ಯೋತಿಷಿ ಸುರೇಶ್ ಕುಮಾರ್ ಕೌಶಲ್ ಮತ್ತು ಬೇರೆಬೇರೆ ಧರ್ಮಗಳ ಸಂಘಟನೆಗಳು. ಇತ್ತ ಸಲಿಂಗಿ ಮಕ್ಕಳ ತಂದೆತಾಯಿಯರು ತಮ್ಮ ಮಕ್ಕಳ ಪರವಾಗಿ ಕೋರ್ಟಿಗೆ ಬಂದರು. 2013ರ ಡಿಸೆಂಬರ್ 11ರಂದು ನ್ಯಾಯಮೂರ್ತಿ ಜಿ.ಎಸ್. ಸಿಂಘ್ವಿ ನೇತೃತ್ವದ ಇಬ್ಬರ ಪೀಠ ದೆಹಲಿಯ ತೀರ್ಪನ್ನು ಅಳಿಸಿಹಾಕಿತು. ಪೀಠದ ಸಮರ್ಥನೆ ಹೀಗಿತ್ತು: ಈ ಜನ ದೇಶದ ಜನಸಂಖ್ಯೆಯ ಅತ್ಯಲ್ಪ ಭಾಗ. 150 ವರ್ಷಗಳಲ್ಲಿ ಇನ್ನೂರು ಜನರ ಮೇಲೂ ಕೇಸು ನಡೆದಿಲ್ಲ. ಬದಲಾವಣೆ ಬೇಕಿದ್ದರೆ ಸಂಸತ್ತು ಮಾಡಲಿ. ಠಾಣೆಯಲ್ಲಿ ಮುಗಿದುಹೋದ ಪ್ರಕರಣಗಳು ಕಾನೂನು ವರದಿಗಳಲ್ಲಿ ಸಿಗುವುದಿಲ್ಲ ಎಂಬುದನ್ನು ಪೀಠ ಗಮನಿಸಲಿಲ್ಲ. ಮೂಲಭೂತ ಹಕ್ಕಿಗೆ ತಲೆ ಎಣಿಕೆ ಅಳತೆಗೋಲಾದದ್ದು ಇನ್ನೂ ದೊಡ್ಡ ಎಡವಟ್ಟು. ಸಂಸತ್ತಿನ ದಾರಿ ಹೇಗಿತ್ತೆಂಬುದೂ ಬೇಗನೆ ಗೊತ್ತಾಯಿತು. 2015ರ ಡಿಸೆಂಬರಿನಲ್ಲಿ ಶಶಿ ತರೂರ್ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಲು ಹೊರಟಾಗ ಮಂಡನೆಯ ಹಂತದಲ್ಲೇ 71-24 ಮತಗಳಿಂದ ಅದು ಬಿದ್ದುಹೋಯಿತು.

ಕೌಶಲ್ ತೀರ್ಪು ಬಂದ ನಾಲ್ಕೇ ತಿಂಗಳಿಗೆ, 2014ರ ಏಪ್ರಿಲ್ 15ರಂದು, ಅದೇ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ಬೇರೆಯೇ ದಿಕ್ಕಿಗೆ ತಿರುಗಿತು. ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ (ನಾಲ್ಸಾ) ಹೂಡಿದ ಪ್ರಕರಣದಲ್ಲಿ, ತಾನು ಗಂಡೋ ಹೆಣ್ಣೋ ತೃತೀಯ ಲಿಂಗಿಯೋ ಎಂದು ನಿರ್ಧರಿಸುವ ಹಕ್ಕು ಆಯಾ ವ್ಯಕ್ತಿಯದು ಎಂದರು. ಟ್ರಾನ್ಸ್‌ಜೆಂಡರ್ ಜನರನ್ನು ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರೆಂದು ಪರಿಗಣಿಸಿ ಮೀಸಲಾತಿ ಕೊಡಲು ಸೂಚಿಸಿದರು. ಗುರುತಿಗೆ ಮಾನ್ಯತೆ, ಸಂಬಂಧಕ್ಕೆ ಜೈಲು ಎಂಬ ಇಕ್ಕಟ್ಟು ನಾಲ್ಕು ವರ್ಷ ನಡೆಯಿತು.

ಇಕ್ಕಟ್ಟು ಬಿಡಿಸಿದ ತೀರ್ಪಿಗೆ ಕಾರಣರಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಪ್ರಶ್ನಿಸಿದ್ದು ಆಧಾರ್ ಯೋಜನೆಯನ್ನು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರುವಾಗ, ಲೈಂಗಿಕ ಒಲವು ಖಾಸಗಿತನದ ಅವಿಭಾಜ್ಯ ಅಂಗ, ಅತ್ಯಲ್ಪ ಸಂಖ್ಯೆ ಎಂಬ ನೆಪ ಹಕ್ಕನ್ನು ಕಸಿಯಲು ಸಾಲದು ಎಂದಿತು. ಕೌಶಲ್ ತೀರ್ಪಿನ ಬುಡ ಅಲ್ಲಿಗೆ ಅಲುಗಿತ್ತು. ಭರತನಾಟ್ಯ ಕಲಾವಿದ ನವತೇಜ್ ಸಿಂಗ್ ಜೋಹರ್ ಮತ್ತಿತರ ನಾಲ್ವರು 2016ರಲ್ಲಿ ಸಲ್ಲಿಸಿದ್ದ ಅರ್ಜಿ, ಬೆಂಗಳೂರಿನ ಟ್ರಾನ್ಸ್‌ಜೆಂಡರ್ ಹೋರಾಟಗಾರ್ತಿ ಅಕ್ಕಯ್ ಪದ್ಮಶಾಲಿ ಅವರ ಅರ್ಜಿ ಸೇರಿದಂತೆ ಹಲವನ್ನು 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಟ್ಟಿಗೆ ಕೇಳಿತು. ಕೇಂದ್ರ ಸರ್ಕಾರ ಈ ಬಾರಿ ವಿಷಯವನ್ನು ನ್ಯಾಯಾಲಯದ ವಿವೇಕಕ್ಕೆ ಬಿಟ್ಟಿತು. ದೀಪಕ್ ಮಿಶ್ರಾ, ಎ.ಎಂ. ಖಾನ್ವಿಲ್ಕರ್, ಆರ್.ಎಫ್. ನಾರಿಮನ್, ಡಿ.ವೈ. ಚಂದ್ರಚೂಡ್, ಇಂದು ಮಲ್ಹೋತ್ರಾ ಅವರ ಪೀಠ ಸರ್ವಾನುಮತದಿಂದ ಕಲಂ ಅನ್ನು ಮೊಟಕುಗೊಳಿಸಿತು. ಈ ಸಮುದಾಯಕ್ಕೂ ಅವರ ಕುಟುಂಬಗಳಿಗೂ ಚರಿತ್ರೆ ಕ್ಷಮೆ ಕೇಳಬೇಕಿದೆ ಎಂದು ನ್ಯಾಯಮೂರ್ತಿ ಮಲ್ಹೋತ್ರಾ ಬರೆದರು. ಎಚ್‌ಐವಿಯಿಂದ ಶುರುವಾದ ವಾದ ಖಾಸಗಿತನಕ್ಕೆ, ಅಲ್ಲಿಂದ ಘನತೆ ಮತ್ತು ಸಮಾನತೆಗೆ ಬಂದು ನಿಂತಿತ್ತು.

ಕನ್ನಡದ ಪುಟ, ಪರದೆ, ರಂಗ

ಕೋರ್ಟಿನ ಹೊರಗೆ ಹೆದರಿಕೆ ಕರಗಿಸುವ ಕೆಲಸವನ್ನು ಕಥೆ, ಆತ್ಮಕಥೆ, ನಾಟಕಗಳು ಮಾಡಿದವು. ಕೌಶಲ್ ತೀರ್ಪಿನ ವರ್ಷವಾದ 2013ರಲ್ಲೇ ಸಂಡೂರು ಮೂಲದ ವಸುಧೇಂದ್ರ ಅವರ 'ಮೋಹನಸ್ವಾಮಿ' ಪ್ರಕಟವಾಯಿತು. ಬಳ್ಳಾರಿ ಸೀಮೆಯ ಮಧ್ಯಮ ವರ್ಗದ ಹುಡುಗನೊಬ್ಬನ ಸಲಿಂಗಪ್ರೇಮ, ಅವಮಾನ, ಅಸೂಯೆಗಳನ್ನು ದಿನಬಳಕೆಯ ಕನ್ನಡದಲ್ಲಿ ಹೇಳಿದ ಈ ಕಥೆಗಳು ಲೇಖಕರು ತಮ್ಮ ಬಗ್ಗೆ ತಾವು ಬಹಿರಂಗವಾಗಿ ಮಾತಾಡುವುದಕ್ಕೂ ದಾರಿಯಾದವು. ತಮಿಳುನಾಡಿನಲ್ಲಿ ಹುಟ್ಟಿ ಬೆಂಗಳೂರಿನ ಸಂಗಮದಲ್ಲಿ ದುಡಿದ ಎ. ರೇವತಿ ಅವರ ಆತ್ಮಕಥೆ ದು. ಸರಸ್ವತಿ ಅವರ ಕನ್ನಡದಲ್ಲಿ 'ಬದುಕು ಬಯಲು' ಆಗಿ, ಮುಂದೆ ಹೆಗ್ಗೋಡಿನ ಜನಮನದಾಟ ತಂಡದ ನಾಟಕವಾಗಿ ಊರೂರು ಸುತ್ತಿತು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧರಿಸಿ ಬಿ.ಎಸ್. ಲಿಂಗದೇವರು ನಿರ್ದೇಶಿಸಿದ 'ನಾನು ಅವನಲ್ಲ ಅವಳು' ಚಿತ್ರದ ನಟನೆಗೆ ಸಂಚಾರಿ ವಿಜಯ್ ಅವರಿಗೆ 2014ನೇ ಸಾಲಿನ ರಾಷ್ಟ್ರ ಪ್ರಶಸ್ತಿ ಬಂತು.

ಜೋಗತಿ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿ ಚೌಡಿಕೆ ಪದ ಮತ್ತು ಜೋಗತಿ ನೃತ್ಯವನ್ನು ಗುಡಿಯಂಗಳದಿಂದ ರಂಗಕ್ಕೆ ತಂದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಹಿಂದೆ ಹಾಡಿ ಕುಣಿದರೆ ಜೈಲು ಎಂದಿದ್ದ ಪ್ರಭುತ್ವವೇ ಹಾಡಿ ಕುಣಿದದ್ದಕ್ಕೆ ಗೌರವ ಕೊಡಲು 150 ವರ್ಷ ಹಿಡಿಯಿತು.

ಅಪರಾಧ ಹೋಯಿತು, ಹಕ್ಕು ಪೂರ್ತಿ ಬಂದಿಲ್ಲ

2018ರ ನಂತರ ಒಂದಷ್ಟು ಹಾದಿ ಸವೆದಿದೆ. ಸಂಸತ್ತು 2019ರಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ ಕಾಯ್ದೆ ತಂದಿತು. ನಾಲ್ಸಾ ತೀರ್ಪು ವ್ಯಕ್ತಿಯ ಸ್ವಂತ ನಿರ್ಧಾರಕ್ಕೆ ಬಿಟ್ಟದ್ದನ್ನು ಈ ಕಾಯ್ದೆ ಜಿಲ್ಲಾಧಿಕಾರಿಯ ಪ್ರಮಾಣಪತ್ರಕ್ಕೆ ಕಟ್ಟಿತು. ಲೈಂಗಿಕ ದೌರ್ಜನ್ಯಕ್ಕೆ ಗರಿಷ್ಠ ಎರಡೇ ವರ್ಷ ಶಿಕ್ಷೆ ಇಟ್ಟಿತು. ಹೀಗಾಗಿ ಸಮುದಾಯದವರೇ ಅದನ್ನು ಬೀದಿಗಿಳಿದು ವಿರೋಧಿಸಿದರು. ಕರ್ನಾಟಕ ಅದಕ್ಕೂ ಮೊದಲೇ, 2017ರಲ್ಲಿ, ಟ್ರಾನ್ಸ್‌ಜೆಂಡರ್ ನೀತಿ ರೂಪಿಸಿತ್ತು. ಪೊಲೀಸ್ ನೇಮಕಾತಿಯಲ್ಲಿ ಗಂಡು-ಹೆಣ್ಣು ಎರಡೇ ಕಾಲಂ ಇದ್ದುದನ್ನು ಸಂಗಮ ಹೈಕೋರ್ಟಿನಲ್ಲಿ ಪ್ರಶ್ನಿಸಿದ ಫಲವಾಗಿ, 2021ರ ಜುಲೈನಲ್ಲಿ ರಾಜ್ಯ ಸರ್ಕಾರ ನೇಮಕಾತಿ ನಿಯಮ ತಿದ್ದಿ ಎಲ್ಲ ಪ್ರವರ್ಗಗಳೊಳಗೆ ಶೇ 1ರಷ್ಟು ಸಮತಲ ಮೀಸಲಾತಿ ಕೊಟ್ಟಿತು. ಸಮತಲವಾದ್ದರಿಂದ ದಲಿತ ಟ್ರಾನ್ಸ್‌ಜೆಂಡರ್ ಅಭ್ಯರ್ಥಿ ತನ್ನ ಜಾತಿಯ ಮೀಸಲಾತಿ ಬಿಡಬೇಕಾಗಿಲ್ಲ. ಇಂಥ ಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕ. 2023ರ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣದಲ್ಲೂ ಅವರನ್ನು ಸೇರಿಸಲಾಗಿದೆ. ಸಲಿಂಗ ಒಲವನ್ನು 'ವಾಸಿ' ಮಾಡುತ್ತೇವೆ ಎನ್ನುವ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದಿತು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ಇಲ್ಲಿನ ವೈದ್ಯಕೀಯ ಶಿಸ್ತಿಗೆ ಅದು ಮುಟ್ಟಲು 32 ವರ್ಷ ಬೇಕಾಯಿತು.

ಮದುವೆಯ ಬಾಗಿಲು ಮಾತ್ರ ತೆರೆಯಲಿಲ್ಲ. 2023ರ ಅಕ್ಟೋಬರ್ 17ರಂದು, ಸಲಿಂಗ ವಿವಾಹಕ್ಕೆ ಮಾನ್ಯತೆ ಕೋರಿದ ಸುಪ್ರಿಯೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ, ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ವಿಶೇಷ ವಿವಾಹ ಕಾಯ್ದೆಯನ್ನು ತಿದ್ದುವುದು ಸಂಸತ್ತಿನ ಕೆಲಸ ಎಂದಿತು. ಸಲಿಂಗಿ ಜೋಡಿಗಳ ಕೂಡುಬಾಳಿಗೆ ಕಾನೂನಿನ ಮಾನ್ಯತೆ ಮತ್ತು ಜಂಟಿ ದತ್ತು ಎರಡನ್ನೂ ಮೂವರು ನಿರಾಕರಿಸಿದರು. ಚಂದ್ರಚೂಡ್ ಮತ್ತು ಎಸ್.ಕೆ. ಕೌಲ್ ಭಿನ್ನಮತ ಬರೆದರು. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾ ಆದವು. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು 2024ರಲ್ಲಿ ಕೇಂದ್ರ ಸ್ಪಷ್ಟಪಡಿಸಿದೆ. ಆದರೆ ಸಂಗಾತಿಯ ಆಸ್ತಿಗೆ ವಾರಸುದಾರಿಕೆ, ಪಿಂಚಣಿ, ಬಾಡಿಗೆ ತಾಯ್ತನ, ದತ್ತು ಇವೆಲ್ಲ ಇನ್ನೂ ಗಂಡ-ಹೆಂಡತಿ ಎಂಬ ಎರಡು ಪದಗಳ ಸುತ್ತಲೇ ಇವೆ. ಉದ್ಯೋಗ ಮತ್ತು ಬಾಡಿಗೆ ಮನೆಯಲ್ಲಿ ಲೈಂಗಿಕ ಒಲವಿನ ಆಧಾರದ ತಾರತಮ್ಯವನ್ನು ಖಾಸಗಿಯವರಿಗೆ ನಿಷೇಧಿಸುವ ಸಮಗ್ರ ಕಾನೂನಿಲ್ಲ. ಕೇಂದ್ರದ 2017ರ ಮಾರ್ಗಸೂಚಿ ಸಲಿಂಗಿ ಪುರುಷರನ್ನೂ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನೂ ರಕ್ತದಾನದಿಂದ ಸಾರಾಸಗಟಾಗಿ ದೂರವಿಟ್ಟಿತು.

2024ರ ಜುಲೈ 1ರಂದು ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಾಗ 377ರ ಉಳಿದ ಭಾಗವೂ ಮಾಯವಾಯಿತು. 2018ರ ತೀರ್ಪು ಸಮ್ಮತಿಯ ಸಂಬಂಧವನ್ನಷ್ಟೇ ಹೊರಗಿಟ್ಟು, ಬಲಾತ್ಕಾರಕ್ಕೆ ಶಿಕ್ಷೆಯನ್ನು ಉಳಿಸಿತ್ತು. ಹೊಸ ಸಂಹಿತೆಯಲ್ಲಿ ಅತ್ಯಾಚಾರದ ವ್ಯಾಖ್ಯಾನ ಹೆಣ್ಣಿಗೆ ಸೀಮಿತ. ಅತ್ಯಾಚಾರಕ್ಕೊಳಗಾದ ವಯಸ್ಕ ಪುರುಷನಿಗೆ ಅದಕ್ಕೆ ಸಮನಾದ ಕಲಂ ಇಲ್ಲ. ಟ್ರಾನ್ಸ್‌ಜೆಂಡರ್ ಮಹಿಳೆಗೆ 2019ರ ಕಾಯ್ದೆಯ ಎರಡು ವರ್ಷದ ಶಿಕ್ಷೆಯೇ ಹೆಚ್ಚಾಗಿ ಗತಿ. ಒಂದು ಕಾಲದಲ್ಲಿ ಸಮ್ಮತಿಗೂ ಬಲಾತ್ಕಾರಕ್ಕೂ ಭೇದ ಕಾಣದ ಕಾನೂನು ಎರಡನ್ನೂ ಶಿಕ್ಷಿಸುತ್ತಿತ್ತು. ಈಗ ಅದೇ ಕುರುಡಿನಿಂದ ಎರಡನ್ನೂ ಬಿಟ್ಟುಬಿಟ್ಟಿದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1967ರಲ್ಲಿ, ಸಿಂಗಪುರದಲ್ಲಿ 2022ರಲ್ಲಿ ಈ ಕಾನೂನನ್ನು ಚರ್ಚಿಸಿ ತೆಗೆದದ್ದು ಚುನಾಯಿತ ಸದನಗಳು. ಭಾರತದಲ್ಲಿ ಸಲಿಂಗಿಗಳು ಪಡೆದ ಮುಖ್ಯ ಸ್ವಾತಂತ್ರ್ಯಗಳೆಲ್ಲ ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು, ನ್ಯಾಯಾಲಯದಿಂದ ಪಡೆದವು. ನ್ಯಾಯಾಲಯ ಜೈಲಿನ ಭಯವನ್ನು ತೆಗೆಯಬಲ್ಲದು. ವಾರಸುದಾರಿಕೆ, ದತ್ತು, ಮದುವೆ, ತಾರತಮ್ಯ ತಡೆಗೆ ಕಾನೂನು ಬರೆಯುವ ಹೊಣೆ ಶಾಸನಸಭೆಯದು. ಇನ್ನು ಆಗಬೇಕಾದ ಕೆಲಸವನ್ನು 2023ರಲ್ಲಿ ಸುಪ್ರೀಂ ಕೋರ್ಟ್ ಸಂಸತ್ತಿನ ಮೇಜಿಗೆ ಕಳಿಸಿದೆ. ಅದನ್ನು ಕೈಗೆತ್ತಿಕೊಳ್ಳುವಂತೆ ತಮ್ಮ ಪ್ರತಿನಿಧಿಗಳನ್ನು ಕೇಳಬೇಕಾದವರು ಮತದಾರರು.